ಡ್ರೋನ್‌ಗಿಂತ ಮೊದಲು ಬರುವ ಸುಣ್ಣದ ಶಿವಪ್ರಕಾಶ್

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗಂಡಸಿ ಹೋಬಳಿಯ ಈ ಹಳ್ಳಿಯಲ್ಲಿ ಹೆಂಗಸರು ಸಗಣಿ ನೀರಿನ ಬಕೆಟ್ ಹಿಡಿದು ಅಂಗಳಕ್ಕೆ ಬರುವುದೇ ತಡ, ಶಿವಪ್ರಕಾಶ್ ಓಡಿ ಬಂದು ಅಡ್ಡ ನಿಲ್ಲುತ್ತಾರೆ. "ಅಕ್ಕಾ, ಇವತ್ತೊಂದಿನ ನೀರು ಹಾಕ್ಬೇಡ್ರಿ, ರಂಗೋಲಿನೂ ಬಿಡ್ಬೇಡ್ರಿ. ಡ್ರೋನ್ ಬಂದು ಹೋಗ್ಲಿ." ಬೋಳು ಅಂಗಳ ಬಿಟ್ಟು ದಿನ ಶುರು ಮಾಡುವುದು ಯಾರಿಗೂ ಹಿಡಿಸದು. ಗೊಣಗಿಕೊಂಡೇ ಬಕೆಟ್ ಕೆಳಗಿಡುತ್ತಾರೆ.

ಶಿವಪ್ರಕಾಶ್ ಕೈಯಲ್ಲಿರುವುದು ತಳಕ್ಕೆ ಮೊಳೆಯಿಂದ ತೂತು ಹೊಡೆದ ಡಬ್ಬ, ಒಳಗೆ ಸುಣ್ಣದ ಪುಡಿ. ಎರಡು ಮನೆಗಳ ನಡುವೆ ಗಡಿ ಎಲ್ಲಿ ಎಂದು ಕೇಳಿ, ಆಚೆ ಈಚೆಯವರಿಬ್ಬರನ್ನೂ ಎದುರಿಗೆ ನಿಲ್ಲಿಸಿಕೊಳ್ಳುತ್ತಾರೆ. ಇಬ್ಬರೂ ಹೂಂ ಅಂದ ಮೇಲೆಯೇ ಡಬ್ಬ ಅಲ್ಲಾಡಿಸುವುದು. ಕೊಟ್ಟಿಗೆ, ಹಿತ್ತಿಲು, ಕಣ, ತಿಪ್ಪೆಗುಂಡಿ, ಎಲ್ಲದರ ಸುತ್ತ ಬಿಳಿ ಗೆರೆ ಬೀಳುತ್ತದೆ. "ಇಬ್ಬನಿ ಇರೋವಾಗ್ಲೇ ಬಿಡ್ಬೇಕು ಸಾರ್. ಒಣಗಿದ ನೆಲಕ್ಕೆ ಬಿಟ್ರೆ ಗಾಳಿಗೆ ಹಾರೋಯ್ತದೆ, ಕೋಳಿ ಕೆದರ್ತವೆ."

ಹಳ್ಳಿಯ ಮನೆ ನಿವೇಶನಗಳಿಗೆ ಹಕ್ಕುಪತ್ರ ಕೊಡಲು ಈ ಸರ್ವೆ. ಡ್ರೋನ್ ಮೇಲಿಂದ ಫೋಟೋ ತೆಗೆಯುತ್ತದೆ. ಆ ಫೋಟೋಗಳನ್ನೆಲ್ಲ ಕಂಪ್ಯೂಟರಿನಲ್ಲಿ ಒಂದಕ್ಕೊಂದು ಜೋಡಿಸಿದರೆ ಇಡೀ ಊರಿನ ಒಂದೇ ಚಿತ್ರವಾಗುತ್ತದೆ. ಅದರಲ್ಲಿ ಕಾಣುವ ಬಿಳಿ ಗೆರೆಯ ಮೇಲೆ ಗೆರೆ ಎಳೆದರೆ ನಕ್ಷೆ. ಅಂದರೆ ಶಿವಪ್ರಕಾಶ್ ನಸುಕಿನಲ್ಲಿ ಬಿಟ್ಟ ಸುಣ್ಣವೇ ಕೊನೆಗೆ ಕಾಗದದ ಮೇಲೆ ಉಳಿಯುವುದು. ಆದರೆ ಊರಿನ ಮಂದಿಗೆ ಇದೆಲ್ಲ ಯಾಕೆ ಬೇಕು? ಡ್ರೋನ್ ಗುಂಯ್ ಎಂದದ್ದೇ ಎಲ್ಲರೂ ಅತ್ತ ಓಡುತ್ತಾರೆ. "ಎಳನೀರು ಕೆತ್ತಿ ಕೊಡೋದು ಹಾರಿಸೋರಿಗೆ. ನಾನು ಕೊಳಾಯಿ ಹತ್ರ ಕೈ ತೊಳ್ಕೊತಾ ಇರ್ತೀನಿ," ಎನ್ನುತ್ತಾರೆ ಅವರು.

ಇವತ್ತು ಹಾರಿಸುತ್ತಿರುವ ಹುಡುಗ ಯಾರೋ ಏನೋ, ಶಿವಪ್ರಕಾಶ್ ತಲೆ ಎತ್ತಿಯೂ ನೋಡುವುದಿಲ್ಲ. ಹೋದ ವರ್ಷದವರೆಗೆ ಹೀಗಿರಲಿಲ್ಲ. ಆಗ ಡ್ರೋನ್ ಹಾರಿಸುತ್ತಿದ್ದವಳು ಅವರ ಹೆಂಡತಿ ಸೌಂದರ್ಯ.

ಅರಸೀಕೆರೆಯಲ್ಲಿ ಡ್ರೋನ್ ತರಬೇತಿ ಇದೆ ಎಂದು ಸುದ್ದಿ ತಂದವರೂ ಶಿವಪ್ರಕಾಶ್, ಅರ್ಜಿ ಹಾಕಿದವರೂ ಅವರೇ. ಒಬ್ಬರೇ ಹೋಗಲು ಬೇಜಾರು ಎಂದು ಹೆಂಡತಿಯ ಹೆಸರನ್ನೂ ಸೇರಿಸಿದ್ದರು. ಮೊದಲ ವಾರವೇ ಶಿವಪ್ರಕಾಶ್ ತರಬೇತಿಯ ಡ್ರೋನನ್ನು ತೆಂಗಿನ ಗರಿಗೆ ಸಿಕ್ಕಿಸಿದರು. ಮರ ಹತ್ತಿಸಿ ಇಳಿಸಬೇಕಾಯಿತು. ಸೌಂದರ್ಯ ಪಾಸಾದಳು. ಗಂಡನಿಗೆ ಅದೇ ತಂಡದಲ್ಲಿ ಸುಣ್ಣದ ಡಬ್ಬ ಸಿಕ್ಕಿತು.

ಆಮೇಲಿನದ್ದು ಬರೀ ಹೊಟ್ಟೆಯುರಿ. ಇದನ್ನು ಮುಚ್ಚಿಡುವ ಜಾಯಮಾನ ಅವರದಲ್ಲ. ಊರೂರಿಗೆ ಹೋದಾಗ ಹೆಣ್ಣುಮಕ್ಕಳು ಸೌಂದರ್ಯಳ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವರು. ಆ ಫೋಟೋ ತೆಗೆದುಕೊಡಿ ಎಂದು ಮೊಬೈಲ್ ಕೊಡುತ್ತಿದ್ದುದು ಶಿವಪ್ರಕಾಶ್ ಕೈಗೆ. ಶಾಲೆಯೊಂದರಲ್ಲಿ ಅವಳಿಗೆ ಶಾಲು ಹೊದಿಸಿದರು, ಇವರನ್ನು ಡ್ರೈವರ್ ಎಂದುಕೊಂಡು ಹೊರಗೆ ಕೂರಿಸಿದರು. "ರಾತ್ರಿ ಮುದ್ದೆ ಇಳೀತಿರ್ಲಿಲ್ಲ ಸಾರ್. ಕಟ್ಕೊಂಡೋಳು, ಅವಳ ಮೇಲೇ ಉರ್ಕೋತಿದ್ದೀನಲ್ಲ ಅಂತ ನಾಚಿಕೆನೂ ಆಗೋದು. ಆದ್ರೂ ಉರೀತಿತ್ತು."

ಆ ಉರಿ ಒಂದು ದಿನ ಸುಣ್ಣವಾಗಿ ನೆಲಕ್ಕಿಳಿಯಿತು. ಪಕ್ಕದ ಊರಿನಲ್ಲಿ ಗೆರೆ ಬಿಟ್ಟು ಮುಗಿಸಿದ ಶಿವಪ್ರಕಾಶ್, ಮನೆಗಳ ಸಾಲು ದಾಟಿ ಗೋಮಾಳಕ್ಕೆ ಹೋದರು. ದನ ಮೇಯುವ ಆ ಬಯಲಿನಲ್ಲಿ, ಆಕಾಶಕ್ಕೆ ಕಾಣುವಷ್ಟು ದೊಡ್ಡದಾಗಿ, ತಮ್ಮ ಹೆಸರು ಬರೆದರು. ಫೋಟೋದಲ್ಲಿ ಬಂದರೆ ಆಫೀಸಿನವರಾದರೂ ಓದಲಿ ಎಂಬುದಷ್ಟೇ ಆಸೆ.

ಓದುವವರೇ ಇರಲಿಲ್ಲ. ನಕ್ಷೆ ಬರೆಯಲು ಕೂತವರು ದೂರದ ರಾಜ್ಯದವರು, ಅವರಿಗೆ ಕನ್ನಡದ ಅಕ್ಷರ ಗೊತ್ತಿಲ್ಲ. ಬಿಳಿ ಗೆರೆ ಕಂಡರೆ ಗಡಿ ಎಂದೇ ಅವರ ಲೆಕ್ಕ. ಅಕ್ಷರ ಅಕ್ಷರಕ್ಕೂ ಒಂದೊಂದು ನಿವೇಶನ ಮಾಡಿ, ಅಂಕುಡೊಂಕು ಸೈಟುಗಳಿಗೆ ನಂಬರ್ ಕೊಟ್ಟು ಕಳಿಸಿಬಿಟ್ಟರು.

ಕರಡು ನಕ್ಷೆಯನ್ನು ಗ್ರಾಮಸಭೆಯಲ್ಲಿ ಬಿಡಿಸಿದಾಗ ಊರ ಹಿರಿಯ ಗಿಡ್ಡಯ್ಯ ಬೆರಳಿಟ್ಟು ಕೇಳಿದರು, "ಇದ್ಯಾವನ್ಲಾ, ಗೋಮಾಳಕ್ಕೆ ಸೈಟ್ ಹಾಕಿರೋನು?" ಗದ್ದಲವೆದ್ದಿತು. ಎಲ್ಲರ ಕಣ್ಣೂ ಸೌಂದರ್ಯಳ ಮೇಲೆ. "ಮೇಲಿಂದ ಹಾರ್ಸಿದೋಳು ನೀನೇ ತಾನೆ? ಯಾರಿಗೆ ಮಾಡಿಕೊಟ್ಟಿದ್ದೀಯ ಹೇಳಮ್ಮ. ಇಲ್ದಿದ್ರೆ ತಹಸೀಲ್ದಾರರಿಗೆ ಬರ್ದು ನಿನ್ನ ಕೆಲಸ ತೆಗೆಸ್ತೀವಿ." ಹಿಂದಿನ ಸಾಲಿನಲ್ಲಿದ್ದ ಶಿವಪ್ರಕಾಶ್‌ಗೆ ಆಗ ಏನನ್ನಿಸಿತು? "ಸುಳ್ಳು ಯಾಕೆ ಹೇಳ್ಲಿ. ಮೊದ್ಲು ಒಳಗೊಳಗೇ ಖುಷಿ ಆಯ್ತು. ಶಾಲು ಹೊದ್ದೋಳು ಇವತ್ತು ಅನ್ನಿಸ್ಕೊಳ್ಲಿ ಅನ್ನಿಸ್ತು."

ಸೌಂದರ್ಯ ನಕ್ಷೆಯನ್ನು ಹತ್ತಿರ ಎಳೆದುಕೊಂಡು ನೋಡಿದಳು. ಒಮ್ಮೆ ತಿರುಗಿಸಿ ನೋಡಿದಳು. ಅವಳ ಮುಖ ಬದಲಾದದ್ದು ಗಂಡನೊಬ್ಬನಿಗೇ ತಿಳಿಯಿತು. ಅವಳು ಗಂಡನತ್ತ ನೋಡಲಿಲ್ಲ. "ನನ್ನಿಂದಲೇ ತಪ್ಪಾಗಿದೆ, ಮತ್ತೆ ಹಾರಿಸಿಕೊಡ್ತೀನಿ," ಎಂದಳು.

ಕೆಲಸ ಹೋಗುತ್ತದೆಂದು ಗೊತ್ತಿದ್ದೂ ಅವಳು ಹಾಗೆ ಅಂದದ್ದನ್ನು ಶಿವಪ್ರಕಾಶ್‌ಗೆ ತಡೆದುಕೊಳ್ಳಲಾಗಲಿಲ್ಲ. ಎದ್ದು ನಿಂತರು. "ಅದು ಸೈಟಲ್ಲ ಗಿಡ್ಡಯ್ಯನೋರೇ, ನನ್ನ ಹೆಸ್ರು. ನಾನೇ ಬರ್ದಿದ್ದು. ಅವಳಿಗೆ ಗೊತ್ತಿರ್ಲಿಲ್ಲ." ಗಿಡ್ಡಯ್ಯ ಕನ್ನಡಕ ಏರಿಸಿ ಅಕ್ಷರ ಕೂಡಿಸಿ ಓದಿದರು. ಸಭೆ ಬಿದ್ದು ಬಿದ್ದು ನಕ್ಕಿತು. ನಗುವಿನಲ್ಲೇ ಸೌಂದರ್ಯಳ ಮೇಲಿನ ಅನುಮಾನವೂ ಹೋಯಿತು.

ಸರ್ವೆ ನಡೆಸುವ ಕಂಪನಿಯವರು ಮಾತ್ರ ನಗಲಿಲ್ಲ. ಗಂಡ ಹೆಂಡತಿ ಒಂದೇ ತಂಡದಲ್ಲಿ ಬೇಡ ಎಂದರು. ಶಿವಪ್ರಕಾಶ್ ಗಂಡಸಿಯ ಕಡೆಯೇ ಉಳಿದರು. ಸೌಂದರ್ಯಳನ್ನು ಹಳೇಬೀಡಿನ ಕಡೆಗೆ ಹಾಕಿದರು. ಮೊದಲ ಬಸ್ಸಿಗೆ ಹೋದರೆ ಬರುವಾಗ ದೀಪ ಹಚ್ಚುವ ಹೊತ್ತಾಗಿರುತ್ತದೆ.

ಈಗ ಅವಳ ಡ್ರೋನಿನ ಕೆಳಗೆ ಸುಣ್ಣ ಬಿಡುವುದು ಬಸವಕುಮಾರ್ ಎಂಬಾತ. ಆತನನ್ನು ಶಿವಪ್ರಕಾಶ್ ಕಂಡವರಲ್ಲ. ಆದರೆ ಮೊನ್ನೆ ಊಟಕ್ಕೆ ಕೂತಾಗ ಸೌಂದರ್ಯ ತನ್ನ ಪಾಡಿಗೆ ತಾನು, "ಬಸ್ತಿಹಳ್ಳಿಲಿ ಆಯಪ್ಪ ಎಷ್ಟು ಚೆನ್ನಾಗಿ ಎಳೆದಿದ್ದ ಗೊತ್ತೇನ್ರೀ, ದಾರ ಹಿಡಿದಂಗೆ," ಎಂದುಬಿಟ್ಟಳು. ಶಿವಪ್ರಕಾಶ್ ಅರ್ಧ ಊಟಕ್ಕೇ ಕೈ ತೊಳೆದರು. ಇಷ್ಟು ವರ್ಷದಲ್ಲಿ ತಮ್ಮ ಗೆರೆಯ ಬಗ್ಗೆ ಅವಳು ಇಂಥ ಒಂದು ಮಾತು ಆಡಿದ್ದಿಲ್ಲ.

ನಿಮಗೇನು ಆಸೆ ಎಂದು ಕೇಳಿದರೆ ಅವರು ಖಾಲಿ ಡಬ್ಬವನ್ನು ಕಲ್ಲಿಗೆ ಬಡಿದು, ತೂತಿಗೆ ಕಟ್ಟಿದ ಸುಣ್ಣ ಬಿಡಿಸುತ್ತಾರೆ. "ಮೇಲೆ ಅವಳೇ ಹಾರಿಸ್ಲಿ. ಶಾಲು ಅವಳಿಗೇ ಹೊದಿಸ್ಲಿ, ಎಳನೀರೂ ಅವಳೇ ಕುಡೀಲಿ, ನಾನು ಹೊರಗೇ ಕೂತಿರ್ತೀನಿ," ಎನ್ನುತ್ತಾರೆ. "ಅವಳು ಬಗ್ಗಿ ನೋಡಿದ್ರೆ ಕೆಳಗೆ ಕಾಣೋ ಗೆರೆ ಮಾತ್ರ ನಂದೇ ಆಗಿರ್ಬೇಕು ಸಾರ್."