ಭಾವ ಸಹಿ ಮಾಡಿಕೊಟ್ಟ ಮೂರು ಕವರುಗಳು

ಶಾರದಕ್ಕಾ, ಭಾವ ಸರ್ಕಾರಕ್ಕೆ ಮೋಸ ಮಾಡಿರಲಿಲ್ಲ. ಇನ್‌ಕಮ್ ಟ್ಯಾಕ್ಸಿನ ರಿಟರ್ನುಗಳನ್ನು — ವರ್ಷಕ್ಕೆ ಇಷ್ಟು ಸಂಪಾದನೆಯಾಯಿತು ಎಂದು ಬರೆದುಕೊಡುವ ಆ ಕಾಗದಗಳನ್ನು — ಮೂರು ವರ್ಷವೂ ಹೊತ್ತಿಗೆ ಸರಿಯಾಗಿ ಸಹಿ ಹಾಕಿ ನನ್ನ ಕೈಗೆ ಕೊಟ್ಟಿದ್ದರು. ಕಚೇರಿಗೆ ಮುಟ್ಟಿಸದೆ ಇಟ್ಟುಕೊಂಡವನು ನಾನು, ನಿನ್ನ ತಮ್ಮ.

ಮರೆತಿದ್ದೆ ಎಂದು ಬರೆದರೆ ನೀನು ನಂಬಿಬಿಡುತ್ತೀ. ಎಂಥ ಮರೆವು, ಸುಡುಗಾಡು! ಬೇಕೆಂದೇ ಇಟ್ಟುಕೊಂಡೆ.

ಅರ್ಧ ಕಥೆ ನಿನಗೆ ಗೊತ್ತು. ಆದರೂ ಮೊದಲಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ನಡುವೆ ಎಲ್ಲೋ ಜಾರಿಕೊಳ್ಳುತ್ತೇನೆ — ನನ್ನ ಬುದ್ಧಿ ನನಗೆ ಗೊತ್ತಿದೆ. ಅರವತ್ತರ ದಶಕದ ಆರಂಭ. ಶರಾವತಿಗೆ ಅಣೆಕಟ್ಟು ಕಟ್ಟುವ ಕೆಲಸ ಭರದಿಂದ ನಡೆದಿತ್ತು. ಜೋಗದಲ್ಲಿ ಭಾವನ ಹೋಟೆಲಿಗೆ ಮೂರು ಪಾಳಿಯ ಕೆಲಸದವರೂ ಬಂದು ತಿನ್ನುತ್ತಿದ್ದರು. ಕಾಸು ಬಂತು, ಕಾಸಿನ ಹಿಂದೆ ತೆರಿಗೆಯೂ ಬಂತು. ಭಾವನಿಗೆ ಇಂಗ್ಲಿಷ್ ಬಾರದು. ಸಾಗರದ ಕೋರ್ಟಿನ ಎದುರು ನನ್ನ ಟೈಪಿಂಗ್ ಅಂಗಡಿ. ಅವರು ಲೆಕ್ಕ ಹೇಳುವುದು, ನಾನು ಟೈಪ್ ಮಾಡುವುದು, ಅವರು ಕನ್ನಡದಲ್ಲಿ ದೊಡ್ಡದಾಗಿ ಸಹಿ ಎಳೆಯುವುದು, ನಾನು ಬಸ್ಸು ಹತ್ತಿ ಶಿವಮೊಗ್ಗಕ್ಕೆ ಮುಟ್ಟಿಸುವುದು — ಹೀಗೆ ಏರ್ಪಾಡಾಯಿತು.

ಮೊದಲ ವರ್ಷ ಮುಟ್ಟಿಸಿದೆ. ಕಚೇರಿಯವರು ಕೊಟ್ಟ ರಸೀದಿ ತಂದು ತೋರಿಸಲು ಹೋದರೆ ಭಾವ ಕೈ ಕೊಡವಿದರು. “ಹೆಂಡ್ತಿ ತಮ್ಮನ ಹತ್ರ ರಸೀದಿ ಇಸ್ಕೊಳ್ಳೋ ಕಾಲ ಬಂತಾ? ನೀನೇ ಇಟ್ಕೋ ಮಾರಾಯ, ನಂಗೆ ನಾಚ್ಕೆ ಆಗತ್ತೆ.” ನಮ್ಮ ಕಡೆ ಅದೇ ಪದ್ಧತಿ. ನೆಂಟರಲ್ಲಿ ರಸೀದಿ ಕೇಳುವುದು ಬೈಗುಳಕ್ಕಿಂತ ಕಡೆ. ಆಮೇಲೆ ಅವರು ಕೇಳಲೂ ಇಲ್ಲ, ನಾನು ತೋರಿಸಲೂ ಇಲ್ಲ.

ಆ ವರ್ಷವೇ ನನ್ನ ನಿಶ್ಚಿತಾರ್ಥ. ಹುಂಚದ ಕಡೆಯಿಂದ ಬಂದ ಹೆಣ್ಣಿನವರು ಪಂಕ್ತಿಯಲ್ಲಿ ಕೂತಿದ್ದಾರೆ. ಭಾವ ಪಾಯಸದ ಪಾತ್ರೆ ಹಿಡಿದು ಬಡಿಸುತ್ತಾ, “ಹುಡುಗನ ಕೈಲಿ ಕಸುಬಿದೆ, ಚಿಂತೆ ಬೇಡ. ಟೈಪ್ ಮಿಷನ್ನು ಮಾತ್ರ ನಂದು!” ಎಂದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನೀನೂ ನಕ್ಕೆ, ಅಕ್ಕಾ. ಮಿಷನ್ನಿಗೆ ದುಡ್ಡು ಕೊಟ್ಟವರು ಅವರೇ, ಸುಳ್ಳಲ್ಲ. ಆದರೆ ಅದನ್ನು ನನ್ನ ಮಾವನಾಗುವವರ ಎಲೆಯ ಮುಂದೆ ನಿಂತು ಹೇಳಬೇಕಿತ್ತೇ? ನನಗೆ ಮೈಯೆಲ್ಲ ಉರಿಯಿತು. ಇವತ್ತಿಗೂ ನೆನೆದರೆ ಉರಿಯುತ್ತದೆ. ಭಾವ ಸತ್ತಿದ್ದಾರೆಂದು ಈಗ ಅವರ ಮೇಲೆ ಪ್ರೀತಿ ಬಂದಿದೆಯೆಂದು ತಿಳಿಯಬೇಡ. ಬಂದಿಲ್ಲ.

ಮುಂದಿನ ವರ್ಷ ಭಾವ ಸಹಿ ಹಾಕಿದ ರಿಟರ್ನಿನ ಕವರು ಕೈಗೆ ಬಂದಾಗ ಅದನ್ನು ಮಿಷನ್ನಿನ ಕೆಳಗಿನ ಡ್ರಾಯರಿಗೆ ಹಾಕಿದೆ. ಭಾವನಿಗೆ ನೋಟೀಸು ಬರಲಿ, ಅದನ್ನು ಓದಿಸಿಕೊಳ್ಳಲು ನನ್ನ ಅಂಗಡಿ ಮೆಟ್ಟಿಲು ಹತ್ತಲಿ, ಅಯ್ಯೋ ಏನು ಮಾಡಲಿ ಅನ್ನಲಿ — ಅಷ್ಟೇ ನನ್ನ ಆಸೆ. ನೋಟೀಸು ಬರಲೇ ಇಲ್ಲ. ಎರಡನೆಯ ಕವರು ಬಂತು. ಇದನ್ನು ಕೊಟ್ಟರೆ ಹಿಂದಿನದೆಲ್ಲಿ ಎಂದು ಕಚೇರಿಯವರು ಕೇಳುತ್ತಾರೆ — ಅದೂ ಡ್ರಾಯರಿಗೆ. ಮೂರನೆಯದೂ. “ಎಲ್ಲ ಸರಿಯಾಗಿದ್ಯಾ? ತೆರಿಗೆ ಎಷ್ಟು ಕಟ್ಬೇಕು ಅಂತ ಇನ್ನೂ ಬರ್ಲಿಲ್ವಲ್ಲ?” ಎಂದು ಭಾವ ಕೇಳುವರು. “ಸರ್ಕಾರದ ಕೆಲಸ ಭಾವ, ನಿಧಾನ” ಎನ್ನುವೆ. ಹೇಳುವಾಗ ನಾಲಿಗೆ ತಡವರಿಸುತ್ತಲೂ ಇರಲಿಲ್ಲ.

ಕೊನೆಗೆ ನೋಟೀಸು ಬಂತು. ನಾನು ಬಯಸಿದ ಹಾಗೆಯೇ ಅವರು ಮೆಟ್ಟಿಲು ಹತ್ತಿ ಬಂದರು, ಕಾಗದ ಮುಂದೆ ಚಾಚಿ “ಎಂತ ಬರ್ದಿದಾರೆ ನೋಡು ಸೀನ” ಎಂದರು. ಓದಿದೆ. “ಮೂರು ವರ್ಷದ ರಿಟರ್ನ್ ನೀವು ಕೊಡಲೇ ಇಲ್ಲವಂತೆ.” ಅವರು ಕೂಗಾಡುತ್ತಾರೆಂದು ಕಾದೆ. ಕೂಗಾಡಲಿಲ್ಲ. ನನ್ನನ್ನೇ ನೋಡುತ್ತಾ ಲೆಕ್ಕದ ಪುಸ್ತಕಗಳ ಕಟ್ಟನ್ನು ಬೆಂಚಿನ ಮೇಲಿಟ್ಟರು. “ಹೌದಾ. ಹಾಗಾದ್ರೆ ಮೂರೂ ಮತ್ತೆ ಟೈಪ್ ಮಾಡು.”

ಮಾಡಿದೆ. ಮೂರು ವರ್ಷದ ಬಾಕಿ ರಿಟರ್ನು ಒಂದೇ ಪಟ್ಟಿಗೆ ಕೂತು. ಕೊನೆಯ ಹಾಳೆ ತೆಗೆಯುವಾಗ ನೋಡುತ್ತೇನೆ — ಅವರು ತಂದಿದ್ದ ಲೆಕ್ಕದ ಪುಸ್ತಕಗಳು ಕಟ್ಟಿದ ದಾರ ಬಿಚ್ಚದೆ ಬೆಂಚಿನ ಮೇಲೆ ಹಾಗೇ ಇವೆ. ನಾನು ಒಂದು ಅಂಕಿಯನ್ನೂ ಅವರಿಂದ ಕೇಳಿರಲಿಲ್ಲ. ಡ್ರಾಯರಿನಲ್ಲಿದ್ದ ಆ ಹಾಳೆಗಳನ್ನು ಅದೆಷ್ಟು ಸಲ ತೆಗೆದು ನೋಡಿದ್ದೆನೋ, ಎಲ್ಲ ಬಾಯಿಪಾಠವಾಗಿತ್ತು. ಭಾವನೂ ಆ ದಾರವನ್ನೇ ನೋಡುತ್ತಿದ್ದರು. ಮೂರು ಕಡೆ ಸಹಿ ಹಾಕಿದರು.

ಶಿವಮೊಗ್ಗದ ಕಚೇರಿಗೆ ಇಬ್ಬರೂ ಹೋದೆವು. ಆಫೀಸರು ಕೇಳಿದರು, “ಯಾಕ್ರೀ ಇಷ್ಟು ತಡ? ಯಾರಿಗಾದ್ರೂ ಕೊಟ್ಟು ಕಳ್ಸಿದ್ರಾ?” ಭಾವ ಹೇಳಿದರು: “ಯಾರಿಗೂ ಕೊಟ್ಟಿಲ್ಲ ಸ್ವಾಮಿ. ನಂದೇ ಸೋಂಬೇರಿತನ.”

ನಾನು ಪಕ್ಕದಲ್ಲೇ ನಿಂತಿದ್ದೆ. ಒಂದು ಮಾತು ಸಾಕಿತ್ತು — ಸ್ವಾಮಿ, ತಪ್ಪು ಇವರದಲ್ಲ, ನನ್ನದು. ಅದನ್ನು ಬಿಟ್ಟು ಟೋಪಿ ಸರಿಮಾಡಿಕೊಂಡೆ.

ಬಸ್ ಸ್ಟ್ಯಾಂಡಿನಲ್ಲಿ ಭಾವ ನನ್ನ ಕಡೆ ತಿರುಗಿದರು. “ನಿನ್ನ ಮೇಲೆ ಕರುಣೆ ಅಂತ ತಿಳ್ಕೋಬೇಡ. ನಿನ್ನ ಮುಖ ಕಂಡ್ರೆ ನಂಗೆ ಆಗಲ್ಲ. ನಿಟ್ಟೂರಿನ ನಿಮ್ಮಪ್ಪನ ಮನೆ ಬಾಗ್ಲು ಮುಚ್ಚಿ ಎಷ್ಟು ವರ್ಷ ಆಯ್ತು? ನಿನ್ನಕ್ಕಂಗೆ ತವರು ಅಂತ ಉಳ್ದಿರೋದು ನೀನೊಬ್ಬ. ನಾನು ಬಾಯಿ ಬಿಟ್ರೆ ಅದೂ ಹೋಗತ್ತೆ. ಗೌರಿ ಹಬ್ಬಕ್ಕೆ ಬಾಗಿನ ತಗೊಂಡು ಬರೋದು ನಿಲ್ಲಿಸ್ಬೇಡ.” ಅಷ್ಟು ಹೇಳಿ ಬೇರೆ ಬಸ್ಸು ಹತ್ತಿದರು. ಆಮೇಲೆ ಸಾಯುವವರೆಗೆ ನನ್ನೊಡನೆ ಒಂದು ಮಾತೂ ಆಡಲಿಲ್ಲ.

ಬೈದಿದ್ದರೆ, ಕೆನ್ನೆಗೆ ಬಾರಿಸಿದ್ದರೆ, ಜಗಳಾಡಿ ಮುಗಿಸುತ್ತಿದ್ದೆ. ಕೇಳದವನಿಗೆ ಅಂಥ ಋಣ ಹೊರಿಸುವುದು ಎಂಥ ದೊಡ್ಡತನ? ಅದಕ್ಕಾಗಿ ಅವರನ್ನು ಇನ್ನಷ್ಟು ದ್ವೇಷಿಸಿದೆ. ನೋಡು, ಎಂಥ ಮನುಷ್ಯ ನಾನು.

ಮುಂದಿನದೆಲ್ಲ ನೀನು ಉಂಡದ್ದು. ಹಿಂದಿನ ತೆರಿಗೆಯ ಜೊತೆ ದಂಡವೂ ಬಿತ್ತು. ನಿನ್ನ ಸರ ಹೋಯಿತು, ಬಳೆ ಹೋಯಿತು, ಕೊನೆಗೆ ಹೋಟೆಲೂ ಹೋಯಿತು. “ಇಡ್ಲಿಗೆ ಚಟ್ನಿ, ಸರ್ಕಾರಕ್ಕೆ ನಾಮ” ಎಂದು ಕೆಲಸದವರು ಆಡಿಕೊಂಡದ್ದನ್ನು ನೀನೇ ಕಿವಿಯಾರೆ ಕೇಳಿದೆ. ತೀರ್ಥಹಳ್ಳಿಗೆ ಬಂದು ಬಸ್ ಸ್ಟ್ಯಾಂಡಿನ ಹತ್ತಿರ ಭಾವ ಕಾಫಿ ಅಂಗಡಿ ಇಟ್ಟರು. ನೀನು ಅವರೊಡನೆ ನೇರವಾಗಿ ಮಾತಾಡುವುದನ್ನೇ ಬಿಟ್ಟೆ. ವರ್ಷ ವರ್ಷ ಗೌರಿ ಹಬ್ಬಕ್ಕೆ ಬಾಗಿನ ಹಿಡಿದು ಸಾಗರದಿಂದ ಹೊಸನಗರದ ಮೇಲೆ ಬಸ್ಸಿನಲ್ಲಿ ಬರುತ್ತಿದ್ದೆನಲ್ಲ, ಕಣ್ಣಾರೆ ನೋಡುತ್ತಿದ್ದೆ. ನೀನು ಅಡುಗೆಮನೆ ಕಂಬಕ್ಕೆ ಹೇಳುವೆ: “ಎಲೆ ಹಾಕಿ ಆಯ್ತು, ಬೇಕಾದವ್ರು ಬರ್ಬಹುದು.” ಭಾವ ಎದ್ದು ಬಂದು ತಲೆ ಬಗ್ಗಿಸಿ ಉಣ್ಣುವರು. ಅವರಿಗೆ ಕೇಳುವ ಹಾಗೆಯೇ ನೀನು ನನಗೆ ತುಪ್ಪ ಬಡಿಸುತ್ತಾ ಅನ್ನುವೆ: “ನನ್ನ ತಮ್ಮ ಮೂರು ವರ್ಷದ್ದೂ ಟೈಪ್ ಮಾಡ್ಕೊಡ್ದೆ ಇದ್ದಿದ್ರೆ ಕೆಲವ್ರು ಜೈಲಲ್ಲಿರ್ತಿದ್ರು.” ಆ ತುಪ್ಪ ನಾನು ಉಂಡೆ. ಒಂದು ವರ್ಷವಲ್ಲ, ಅಕ್ಕಾ.

ನೀನೂ ಬಹಳ ಕಠಿಣ ಮನಸ್ಸಿನವಳು. ಕಟ್ಟಿಕೊಂಡವರ ಮಾತನ್ನು ಒಂದು ದಿನವಾದರೂ... ಬೇಡ. ಆ ದಾರಿಗೆ ಹೋಗುವುದಿಲ್ಲ. ನಿನ್ನನ್ನು ಕಲ್ಲು ಮಾಡಿದವನು ನಾನು.

ಭಾವನ ವೈಕುಂಠ ಸಮಾರಾಧನೆಯ ದಿನ ಎಲ್ಲರೂ ಹೋದ ಮೇಲೆ ನೀನು ಹೇಳಿದೆ, “ನೋಡು ಸೀನ, ಅವ್ರು ಹೋದ್ರೂ ನಂಗೆ ಕಣ್ಣಲ್ಲಿ ನೀರು ಬರಲಿಲ್ಲ. ಕಳ್ಳನ ಹೆಂಡ್ತಿ ಅನ್ನಿಸ್ಕೊಂಡವ್ಳು ಎಂತಕ್ಕೆ ಅಳ್ಬೇಕು?” ಹೌದಕ್ಕಾ ಎಂದೆ. ಹೌದು ಎಂದೆ! ಮನೆಗೆ ಬಂದು ಡ್ರಾಯರು ಎಳೆದೆ. ಕವರುಗಳು ಹಳದಿಯಾಗಿವೆ, ಅಂಟು ಬಿಟ್ಟಿದೆ. ಒಳಗೆ ಭಾವನ ಸಹಿ, ಸಹಿಯ ಕೆಳಗೆ ಅವರ ಕೈಯಲ್ಲೇ ಬರೆದ ತಾರೀಖು. ಇಂಗ್ಲಿಷ್ ಓದಲು ನಿನಗೆ ಬಾರದಿದ್ದರೂ ಆ ಸಹಿ ನಿನಗೆ ಗೊತ್ತು.

ಭಾವ ಹೋದ ಮೇಲೆ ನಿನಗೆ ಬಾಗಿನ ತರುವ ಹಾಗಿಲ್ಲ. ಆದರೂ ಈ ಗೌರಿ ಹಬ್ಬಕ್ಕೆ ಬರುತ್ತೇನೆ, ಈ ಮೂರು ಕವರು ಹಿಡಿದು. ಈ ಕಾಗದ ಅದಕ್ಕೆ ಮುಂಚೆ ನಿನ್ನ ಕೈಗೆ ಸೇರಲಿ ಎಂದು ರಿಜಿಸ್ಟರ್ ಮಾಡಿ ಕಳಿಸುತ್ತಿದ್ದೇನೆ, ನಿನ್ನ ಸಹಿಯ ಚೀಟಿ ನನಗೆ ವಾಪಸು ಬರುತ್ತದೆ. ನಾನು ಒಳಗೆ ಬರುವುದಿಲ್ಲ, ಜಗಲಿಯಲ್ಲಿ ನಿಲ್ಲುತ್ತೇನೆ. ಕವರು ಇಸಿದುಕೊಂಡು ಬಾಗಿಲು ಹಾಕಿಕೋ. ಭಾವನಿಗಾಗಿ ಅಳು, ಎಷ್ಟು ಅಳಬೇಕೋ ಅಷ್ಟು ಅಳು. ಇನ್ನು ನಿನಗೆ ತವರಿಲ್ಲ.