ಓಡಿದ ಕೋಳಿ, ಬೆಂದ ಕೋಳಿ

ಇವತ್ತು ಬೆಳಿಗ್ಗೆ ಫ್ರಿಜ್ಜಿನಿಂದ ಸ್ಟೀಲಿನ ಡಬ್ಬಿಯೊಂದನ್ನು ಹೊರಗೆ ತೆಗೆಯುವಾಗ ಕಳ್ಳನ ಹಾಗೆ ಹಿಂದೆ ಮುಂದೆ ನೋಡಿದೆ. ಡಬ್ಬಿಯಲ್ಲಿದ್ದದ್ದು ನಿನ್ನೆ ನಾಯ್ಮಾರ್ಮೂಲೆ ಪೇಟೆಯಲ್ಲಿ ಕೊಯ್ಯಿಸಿ ತಂದ ಊರ ಕೋಳಿ. ಮಧ್ಯಾಹ್ನದ ಊಟಕ್ಕೆ ಬರುವವರು ನನ್ನ ಮಾವ. ಅವರ ಕಾನೂನಿನಲ್ಲಿ ನಿನ್ನೆಯ ಕೋಳಿ ಎಂದರೆ ತಂಗಳು. ನೆಂಟರಿಗೆ ತಂಗಳು ಎಂದರೆ ಅವಮಾನ.

ಈ ಕಾನೂನು ನನಗೆ ಪರಿಚಯವಾದದ್ದು ಮದುವೆಯಾದ ಹೊಸದರಲ್ಲಿ, ಪೈವಳಿಕೆಯ ಅವರ ಮನೆಯಲ್ಲಿ. ನೆಂಟ ಅಂಗಳಕ್ಕೆ ಕಾಲಿಟ್ಟ ಮೇಲೆಯೇ ಕೋಳಿ ಹಿಡಿಯಬೇಕು, ಅದರ ಕೂಗು ಅವನ ಕಿವಿಗೆ ಬೀಳಬೇಕು. ನಾನು ಚಾವಡಿಯಲ್ಲಿ ಕೂತು ಬೆಲ್ಲನೀರು ಕುಡಿಯುತ್ತಿದ್ದಂತೆ ಮಾವ, ಅತ್ತೆ, ಇಬ್ಬರು ಭಾವಂದಿರು ಸೇರಿ ಹುಂಜವೊಂದನ್ನು ಬಾವಿಕಟ್ಟೆಗೆ ಮೂರು ಸುತ್ತು ಓಡಿಸಿದರು. ಗಂಟೆಯೊಳಗೆ ಅದು ನನ್ನ ರೊಟ್ಟಿಯ ಮೇಲಿತ್ತು. ನೀವೂ ಎಂದಾದರೂ ಇಂಥ ನೆಂಟರಾಗಿದ್ದರೆ ಮುಂದಿನದ್ದು ನಿಮ್ಮ ಹಲ್ಲಿಗೆ ಗೊತ್ತಿರುತ್ತದೆ.

ಸುಮ್ಮನೆ ನುಂಗಬಹುದಿತ್ತು. ಆದರೆ ನಾನು ಕೆಮಿಸ್ಟ್ರಿ ಮಾಸ್ಟ್ರು. ಎಲೆಯ ಮುಂದೆಯೇ ಪಾಠ ಶುರು ಮಾಡಿದೆ. ಉಸಿರು ನಿಂತ ಮೇಲೂ ಕೋಳಿಯ ಮಾಂಸ ಕೂಡಿಟ್ಟ ಸಕ್ಕರೆಯನ್ನು ಗಾಳಿಯಿಲ್ಲದೆ ಉರಿಸಿ ಆಮ್ಲ ಮಾಡುತ್ತದೆ. ಶಕ್ತಿ ಮುಗಿದಾಗ ಎಳೆಗಳು ಬಿಗಿದು ಸೆಟೆಯುತ್ತವೆ. ಕೆಲವು ಗಂಟೆ ಬಿಟ್ಟರೆ ತಾನಾಗಿ ಸಡಿಲವಾಗುತ್ತವೆ. ಓಡಿಸಿದ ಕೋಳಿಯಲ್ಲಿ ಸಕ್ಕರೆ ಮೊದಲೇ ಖರ್ಚಾಗಿರುತ್ತದೆ, ಬೇಗ ಸೆಟೆಯುತ್ತದೆ, ಆಗಲೇ ಬೇಯಿಸಿದರೆ ಚರ್ಮ ಜಗಿದ ಹಾಗೆ.

"ನಿನ್ನೆಯೇ ಕೊಯ್ದಿಟ್ಟಿದ್ರೆ ಬೆಣ್ಣೆ ಹಾಗೆ ಇರ್ತಿತ್ತು ಮಾವ," ಎಂದೆ.

"ಅಳಿಯಂದಿರಿಗೆ ತಂಗಳು ಹಾಕುವ ಮನೆ ಅಲ್ಲ ಇದು," ಎಂದು ಮಾವ ಅರ್ಧ ಊಟದಲ್ಲಿ ಕೈ ತೊಳೆದರು. ಆಮೇಲೆ ಮಗಳನ್ನು ನೋಡಲು ಬಂದರೂ ನಮ್ಮ ಮನೆಯಲ್ಲಿ ಒಂದು ತೊಟ್ಟು ನೀರು ಮುಟ್ಟಿದವರಲ್ಲ. ವಿಜ್ಞಾನ ನನ್ನ ಪಕ್ಷದಲ್ಲಿತ್ತು, ಹೆಂಡತಿ ಇರಲಿಲ್ಲ. ಇಷ್ಟು ವರ್ಷಗಳ ಮೇಲೆ, ಮೊನ್ನೆ, ಅವರೇ ಅವಳಿಗೆ ಫೋನ್ ಮಾಡಿ, "ಒಮ್ಮೆ ಊಟಕ್ಕೆ ಬರ್ತೇನೆ, ಕೋಳಿ ಮಾಡು," ಎಂದರಂತೆ. ಅವಳು ಫೋನ್ ಇಟ್ಟು ಅತ್ತಳು. ನನಗೆ ಭಯವಾಯಿತು. ಮಾವನ ಬಾಯಲ್ಲಿ ಈಗ ಉಳಿದಿರುವುದು ನಾಲ್ಕೇ ಹಲ್ಲು. ಬಂದ ಮೇಲೆ ಕೊಯ್ದರೆ ಅಗಿಯಲಾರರು. ನಿನ್ನೆಯದೆಂದು ತಿಳಿದರೆ ಎದ್ದು ಹೋಗುತ್ತಾರೆ.

ಬಂದರು. ಕುರ್ಚಿಯಲ್ಲಿ ಕೂತು ಹಿತ್ತಿಲ ಕಡೆ ಕಿವಿ ಕೊಟ್ಟರು.

"ಎಂತ, ಕೋಳಿಯ ಸದ್ದೇ ಇಲ್ಲ?"

ನಾನು ಮುಂಡು ಎತ್ತಿ ಕಟ್ಟಿ ಹಿತ್ತಿಲಿಗೆ ಹೋದವನು ಪಕ್ಕದ ಮನೆಯ ಹುಂಜವನ್ನು ಅಟ್ಟಿದೆ. ಮೂರು ಸುತ್ತು. ಅದು ಊರಿಗೆಲ್ಲ ಕೇಳುವ ಹಾಗೆ ಬೊಬ್ಬೆ ಹಾಕಿತು. ಪೆನ್ಶನ್ ತೆಗೆದುಕೊಳ್ಳುವ ವಯಸ್ಸಿನಲ್ಲಿ ನನ್ನ ಸಕ್ಕರೆಯೂ ಅಷ್ಟಕ್ಕೇ ಮುಗಿಯಿತು. ಒಳಗೆ ಡಬ್ಬಿಯ ಕೋಳಿ ಹದವಾಗಿ ಬೇಯುತ್ತಿತ್ತು.

ಮಾವ ಎರಡು ಸಲ ಹಾಕಿಸಿಕೊಂಡು ಉಂಡರು. ಕೈ ತೊಳೆಯಲು ಹಿತ್ತಿಲಿಗೆ ಕರೆದುಕೊಂಡು ಹೋದರೆ, ಆ ಹಾಳು ಹುಂಜ ನೀರಿನ ನಳ್ಳಿಯ ಬುಡದಲ್ಲೇ ರೆಕ್ಕೆ ಕೊಡವುತ್ತ ನಿಂತಿದೆ! ಮಾವ ಅದನ್ನು ನೋಡಿದರು, ಆಮೇಲೆ ನನ್ನನ್ನು. ನಾನು ನೆಲ ನೋಡಿದೆ.

"ಕೋಳಿ ನಿನ್ನೆಯದ್ದೇ ಇರಲಿ ಮಾರಾಯ್ರೆ," ಎಂದರು. "ನೀವು ಓಡಿದ್ರಲ್ಲ, ಅದು ಸಾಕು."