ನಾಲ್ಕೇ ಚಕ್ರ, ನಾನೂರು ಪಾಸ್

ನಮ್ಮ ಬೀದಿಯವರು ಅವನ ಬಗ್ಗೆ ಹೇಳುತ್ತಿದ್ದದ್ದು ಇಷ್ಟೇ: "ಅವನ ಕೈಗೆ ಸಿಕ್ಕರೆ ಸೂರ್ಯನೂ ಫೇಲೇ. ಇಂಡಿಕೇಟರ್ ಹಾಕದೆ ಪಡುವಣಕ್ಕೆ ತಿರುಗಿದ ಅಂತ ಬರೆದು ವಾಪಸ್ ಕಳಿಸ್ತಾನೆ." ಮಕ್ಕಳ ಬಾಯಲ್ಲಿ ಅವನು ಫೇಲ್ ಮಾವ. ದೊಡ್ಡವರು ಎದುರಿಗೆ 'ಸರ್' ಅನ್ನುತ್ತಿದ್ದರು. ಬೆನ್ನು ತಿರುಗಿದರೆ ಅವರಿಗೂ ಫೇಲ್ ಮಾವನೇ.

ಅವನ ಕೆಲಸ ಗುಂಡಿಯಲ್ಲಿ. ಗಾಡಿ ರಸ್ತೆಗೆ ಯೋಗ್ಯವೋ ಅಲ್ಲವೋ ಎಂದು ನೋಡುವ ಸರ್ಕಾರಿ ತಪಾಸಣೆ ಕೇಂದ್ರದಲ್ಲಿ ಆಳೆತ್ತರದ ಸಿಮೆಂಟು ಗುಂಡಿಯೊಂದಿತ್ತು. ಗಾಡಿ ಅದರ ಮೇಲೆ ಬಂದು ನಿಂತರೆ ಇವನು ಕೆಳಗಿನಿಂದ ಟಾರ್ಚು ಬಿಟ್ಟು, ಪುಟ್ಟ ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ, ಸದ್ದು ಕೇಳಿ ತೀರ್ಪು ಹೇಳುತ್ತಿದ್ದ. ಹೀಗೆ ಇಪ್ಪತ್ತೇಳು ವರ್ಷ. ಲೋಕವನ್ನು ಕೆಳಗಿನಿಂದ ನೋಡಿದವನಿಗೆ ಮೇಲಿನ ಬಣ್ಣದ ಮೇಲೆ ಏನು ನಂಬಿಕೆ? ಬೀದಿಗೆ ಯಾರದಾದರೂ ಕಾರು ಬಂದರೆ ಮೊದಲು ಬಗ್ಗಿ ಅಡಿ ನೋಡುತ್ತಿದ್ದ, ಆಮೇಲೆ "ಚೆನ್ನಾಗಿದ್ದೀರಾ?" ಅನ್ನುತ್ತಿದ್ದ.

ಮನೆಯಲ್ಲಿ ಅವನದೊಂದು ಪುಸ್ತಕ, ರಟ್ಟು ಹಾಕಿಸಿದ್ದು, ಇಟ್ಟಿಗೆಯಷ್ಟು ದಪ್ಪ. ಯಾವ ಬಗೆಯ ಕಾರು ನೂರಕ್ಕೆ ಎಷ್ಟು ಫೇಲಾಯಿತು ಎಂದು ಪ್ರತಿ ಸಂಜೆ ಅದರಲ್ಲಿ ಬರೆಯುತ್ತಿದ್ದ.

"ನನ್ನನ್ನ ಯಾವ ಪುಟದಲ್ಲಿ ಬರೆದಿದ್ದೀರ್ರೀ?" ಎಂದು ಹೆಂಡತಿ ಕೇಳಿದರೆ, "ಹಾರನ್ ಒಂದು ಸರಿಯಾಗಿದೆ ಅಂತ ಬರೆದಿದ್ದೀನಿ" ಅನ್ನುತ್ತಿದ್ದ.

ಕಂಪನಿ ಹೆಸರು ಯಾರಿಗೆ ಬೇಕು? ನಮಗೆ ಗೊತ್ತಿದ್ದದ್ದು ಎರಡೇ. ದುಂಡಗಿದ್ದದ್ದು ಮೊಟ್ಟೆ ಕಾರು, ಮೂಗು ಜಜ್ಜಿದ ಹಾಗಿದ್ದದ್ದು ಚಪ್ಪಟೆಮೂತಿ. ಪುಸ್ತಕದ ಪ್ರಕಾರ ನೂರು ಮೊಟ್ಟೆಗಳಲ್ಲಿ ಫೇಲಾದದ್ದು ಒಂಬತ್ತು, ಚಪ್ಪಟೆಮೂತಿಯಲ್ಲಿ ಮೂವತ್ತೊಂದು. ಹಳೇ ಕಾರು ಕೊಳ್ಳುವವರೆಲ್ಲ ಅವನ ಬಾಗಿಲಿಗೆ ಬರುತ್ತಿದ್ದರು. "ಕಣ್ಣು ಮುಚ್ಚಿ ಮೊಟ್ಟೆ ತಗೊಳ್ಳಿ" ಅನ್ನುತ್ತಿದ್ದ. ಆಫೀಸಿನ ಸಾಹೇಬರಂತೂ ಆ ಲೆಕ್ಕವನ್ನು ದೊಡ್ಡಕ್ಷರದಲ್ಲಿ ಬರೆಸಿ ಗೋಡೆಗೆ ಅಂಟಿಸಿದರು. ಮನೆಮನೆಗೆ ಹೋಗಿ ಬಾಣಂತಿಯರನ್ನು ನೋಡುವ ನರ್ಸಮ್ಮ, ಅವನ ಒಡಹುಟ್ಟಿದ ತಂಗಿ, ಅವಳೂ ಆರು ವರ್ಷ ಓಡಿದ ಒಂದು ಮೊಟ್ಟೆ ಕೊಂಡಳು.

ಮೂರನೇ ತಿಂಗಳು ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ಕಾರು ಗೋಡೆಗೆ ಹೋಗಿ ಗುದ್ದಿತು. ಜೀವ ಉಳಿಯಿತು, ಮಂಡಿ ಉಳಿಯಲಿಲ್ಲ.

ಆಸ್ಪತ್ರೆಯ ಮಂಚದ ಮೇಲೆ ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಅಣ್ಣ, ಪುಸ್ತಕ ಇನ್ನೊಂದ್ಸಲ ನೋಡು. ಎಲ್ಲೋ ಕೂಡೋದು ತಪ್ಪಿರ್ಬೇಕು" ಅಂದಳು.

ಮೂರು ಭಾನುವಾರ ಕೂತು ಕೂಡಿದ. ಕೂಡಿದ್ದರಲ್ಲಿ ತಪ್ಪಿರಲಿಲ್ಲ. ನಾಲ್ಕನೆಯ ವಾರ ಕೇಂದ್ರದ ಗೇಟಿನ ಎದುರಿದ್ದ ಟೈರಂಗಡಿಗೆ ಹೋಗಿ, ಮೊಟ್ಟೆ ಕಾರಿನ ಬ್ರೇಕು ಇಷ್ಟು ಬೇಗ ಯಾಕೆ ಸವೆಯುತ್ತದೆ ಎಂದು ಮೇಸ್ತ್ರಿಯನ್ನು ಕೇಳಿದ. ಮೇಸ್ತ್ರಿ ಬಿದ್ದು ಬಿದ್ದು ನಕ್ಕ.

"ಅಯ್ಯೋ ಸರ್, ಊರಿಗೆಲ್ಲ ಗೊತ್ತಿರೋದು ನಿಮಗೊಬ್ರಿಗೆ ಗೊತ್ತಿಲ್ವಾ? ಮೊಟ್ಟೆಗೆಲ್ಲ ಒಂದೇ ಅಳತೆ ಚಕ್ರ, ಒಂದೇ ಅಳತೆ ಬ್ರೇಕು. ನನ್ನ ಹತ್ರ ಒಳ್ಳೇದೊಂದು ಸೆಟ್ಟಿದೆ. ಒಳಗೆ ಬರುವಾಗ ಹಾಕಿ ಕಳಿಸ್ತೀನಿ, ಪಾಸಾಗಿ ಬಂದ್ಮೇಲೆ ಬಿಚ್ಕೊಳ್ತೀನಿ. ಚಪ್ಪಟೆಮೂತಿಗೆ ವರ್ಷಕ್ಕೊಂದು ಅಳತೆ, ಯಾವುದು ಅಂತ ಇಟ್ಕೊಳ್ಳಲಿ? ಪಾಪ, ಅವು ಸ್ವಂತ ಕಾಲ ಮೇಲೇ ಬರ್ತವೆ."

ಮೂಲೆಯಲ್ಲಿ ನಾಲ್ಕು ಚಕ್ರಗಳು ಒರಗಿ ನಿಂತಿದ್ದವು. ಒಂದರ ಒಳಮೈಯಲ್ಲಿ ನೀಲಿ ಬಣ್ಣದ ಹನಿ. ಆ ಹನಿಯ ಪರಿಚಯ ಅವನಿಗೆ ಚೆನ್ನಾಗಿತ್ತು. ಗುಂಡಿಯಿಂದ ತಲೆಯೆತ್ತಿ ಎಷ್ಟು ಸಲ ನೋಡಿದ್ದನೋ! ಅವನು ನಾನೂರು ಮೊಟ್ಟೆ ಕಾರು ನೋಡಿರಲಿಲ್ಲ. ಈ ನಾಲ್ಕು ಚಕ್ರಗಳನ್ನೇ ನಾನೂರು ಸಲ ಪಾಸು ಮಾಡಿದ್ದ.

ಮನೆಗೆ ಬಂದು ಚಪ್ಪಟೆಮೂತಿಯ ಪುಟ ತಿರುವಿದ. ಬಲ್ಬು, ವೈಪರು, ಒಡೆದ ಕನ್ನಡಿ, ಮತ್ತೆ ಬಲ್ಬು. ಸುಟ್ಟ ಬಲ್ಬಿಗೂ ಒಂದೇ ಗೀಟು, ಸತ್ತ ಬ್ರೇಕಿಗೂ ಒಂದೇ ಗೀಟು ಎಳೆದಿದ್ದ ಮಹಾನುಭಾವ.

ಅಲ್ಲಿಂದ ಅವನ ಗೋಳು ಶುರುವಾಯಿತು. ಇನ್ನೊಬ್ಬರು ಮೋಸಹೋಗುವ ಮುಂಚೆ ಗೋಡೆಯ ಪಟ್ಟಿ ಇಳಿಯಬೇಕು, ಅಷ್ಟೇ ಅವನ ಹಟ. ಸಾಹೇಬರ ಮುಂದೆ ನಿಂತ.

"ಟೈರಿನ ಮೇಲೆ ನಂಬರಿರುತ್ತೆ ಸರ್, ಬರ್ಕೊಳ್ಳೋಣ."

"ಅದಕ್ಕೆ ಫಾರಂನಲ್ಲಿ ಜಾಗ ಇಲ್ಲಪ್ಪ."

"ಪಟ್ಟಿನಾದ್ರೂ ತೆಗೆಸಿ."

"ನೀನೇ ಬರೆದಿದ್ದಲ್ವಾ? ನಿನಗೆ ನೀನೇ ಫೇಲ್ ಕೊಟ್ಕೊಂಡ್ರೆ ಹೇಗೆ?"

ಒಂದು ದಿನ ತಾನೇ ಹರಿದು ಹಾಕಿದ. ಮಾರನೆಯ ದಿನ ಹೊಸ ಪಟ್ಟಿ ಬಂತು, ಗಾಜಿನ ಚೌಕಟ್ಟಿನಲ್ಲಿ. ನೀಲಿ ಹನಿ ಕಂಡ ಕಾರನ್ನೆಲ್ಲ ಫೇಲು ಮಾಡತೊಡಗಿದ. ಮೇಸ್ತ್ರಿ ಹನಿಯನ್ನು ಸೀಮೆಎಣ್ಣೆಯಲ್ಲಿ ಒರೆಸಿದ. ಬೀದಿಯವರಿಗೆ ಹೇಳಿದರೆ ಅವರದು ಇನ್ನೊಂದು ರಾಗ. "ಮೊದಲು ತಗೋ ಅಂದ್ರಿ, ಈಗ ಬೇಡ ಅಂತೀರಿ. ನಿಮ್ಮ ನಾಲಿಗೆಗೂ ಒಂದು ತಪಾಸಣೆ ಆಗ್ಬೇಕು ಸರ್. ನಾನು ಇದನ್ನ ಮಾರೋ ತನಕ ಸ್ವಲ್ಪ ಬಾಯಿ ಮುಚ್ಕೊಂಡಿರಿ" ಅಂದ ಪಕ್ಕದ ಮನೆಯವನು. ಕಲ್ಲಿನ ಮೇಲೆ ನೀರು ಹೊಯ್ದರೆ ಕಲ್ಲಾದರೂ ಒದ್ದೆಯಾಗುತ್ತದೆ.

ಎರಡು ವರ್ಷ ಹೀಗೇ ಹೋಯಿತು. ನಿವೃತ್ತಿಯಾಯಿತು. ಇದ್ದದ್ದು ಸರ್ಕಾರಿ ಮನೆ, ಬಿಡಲೇಬೇಕು. ಸಾಮಾನೆಲ್ಲ ಲಾರಿಯಲ್ಲಿ ತಂಗಿಯ ಮನೆಯತ್ತ ಹೊರಟಿತು. ಪುಸ್ತಕವನ್ನು ಮಾತ್ರ ಕಂಕುಳಲ್ಲಿಟ್ಟುಕೊಂಡು ಅವನು ಬೀಗ ಹಾಕಿದ. ಕರೆದೊಯ್ಯಲು ಬಂದ ತಂಗಿ ಕೋಲೂರಿಕೊಂಡು ಗೇಟಿನ ಹತ್ತಿರ ನಿಂತಿದ್ದಳು.

ಅಷ್ಟರಲ್ಲಿ ಮನೆಗೆ ಹೊಸದಾಗಿ ಬರುವವರು ಬಂದರು: ಗಂಡ, ಹೆಂಡತಿ, ತೊಡೆಯ ಮೇಲೊಂದು ಕೂಸು. ಮೊಟ್ಟೆ ಕಾರು.

"ಸರ್, ನಿಮ್ಮ ಪಟ್ಟಿ ನೋಡೇ ತಗೊಂಡ್ವಿ!" ಎಂದು ಗಂಡ ಹಲ್ಲು ಬಿಟ್ಟ.

ಇವನು ಬೀಗದ ಕೈ ಕೊಡಲಿಲ್ಲ. ಬಿಳಿ ಅಂಗಿಯಲ್ಲೇ ಬೀದಿಯಲ್ಲಿ ಅಂಗಾತ ಮಲಗಿ ಕಾರಿನಡಿಗೆ ತೂರಿದ.

"ಏಳ್ರೀ! ಇವತ್ತಾದ್ರೂ ಬಿಡ್ರೀ!" ಎಂದಳು ಅವನ ಹೆಂಡತಿ.

ಮೈಯೆಲ್ಲ ಧೂಳಾಗಿ ಹೊರಬಂದ. "ಹಿಂದಿನ ಟೈರಿನ ಒಳಗಡೆ ತಂತಿ ಕಾಣ್ತಿದೆ. ಕೈಬ್ರೇಕು ಹಿಡೀತಿಲ್ಲ. ಇದನ್ನ ಓಡಿಸ್ಬೇಡಿ."

"ಎರಡು ತಿಂಗಳ ಹಿಂದೆ ಪಾಸಾಗಿದೆ ಸರ್. ನೀವೇ ಸಹಿ ಹಾಕಿದ್ದೀರಿ, ನೋಡಿ." ಕಾಗದ ಮುಂದಿಟ್ಟ.

ಸಹಿ ಅವನದೇ. ನಮ್ಮ ಬೀದಿ ಇಳಿಜಾರು. ಕಾರು ಕೂಸಿನ ಸಮೇತ ಬೆರಳಷ್ಟು ಜಾರಿ ಕಿರುಗುಟ್ಟಿತು. ಅವನು ತಟ್ಟನೆ ಬಗ್ಗಿ ಪುಸ್ತಕವನ್ನು ಹಿಂದಿನ ಚಕ್ರದಡಿ ಒತ್ತಿಟ್ಟ. ರಟ್ಟು ನಜ್ಜುಗುಜ್ಜಾಯಿತು. ಕಾರು ನಿಂತಿತು.

"ಮಗೂನ ಇಳಿಸಮ್ಮ" ಅಂದ ಹೆಂಗಸಿಗೆ. ಕೂಸು ಇಳಿದ ಮೇಲೆ ಬೀಗದ ಕೈ ಕೊಟ್ಟು, ತಂಗಿಯ ನಡಿಗೆಗೆ ಸರಿಯಾಗಿ ನಿಧಾನ ನಡೆದ.

"ಅಣ್ಣ, ಪುಸ್ತಕ?"

"ಅಲ್ಲೇ ಇರ್ಲಿ ಬಿಡು. ಒಂದು ಗಾಡಿನಾದ್ರೂ ನಿಲ್ಲಿಸ್ತಲ್ಲ."